ಬಿಚ್ಚಿಟ್ಟುಕೊಂಡ ಕೆಂಪು ಚಿಂದಿ

ಬಡಗಿ ಅಂಗಡಿಯಲ್ಲಿ ಕೂತು ಕುರ್ಚಿಯ ಕಾಲಿಗೆ ಉಜ್ಜುಕಾಗದ ತಿಕ್ಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತುವ ಮೊದಲೇ ಯಾರೆಂದು ಗೊತ್ತಾಯಿತು. ಪಕ್ಕದ ಬೀದಿಯ ಹೊಲಿಗೆಯವಳು. ಅವಳ ಗಂಡ, ಪೇಂಟರ್, ಏಣಿಯಿಂದ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು.

"ಏನ್ರೀ, ಕುರ್ಚಿಗೆ ಕಾಲು ಒತ್ತೋ ಸೇವೆನಾ?"

"ನಿಮ್ಮ ಮೆಷಿನ್ನಿಗೂ ಮಾಡಿಕೊಡ್ಲಾ?"

"ಮೆಷಿನ್ ಚೆನ್ನಾಗೇ ಇದೆ. ಆ ಕಾಗದಾನ ಮೊದ್ಲು ನಿಮ್ಮ ಗಡ್ಡಕ್ಕೆ ಹಾಕ್ಕೊಳ್ಳಿ."

ಮೊದಲೆಲ್ಲ ಅವಳು "ಮೇಸ್ತ್ರಿ ಅಣ್ಣ" ಎನ್ನುತ್ತಿದ್ದಳು. ಅಣ್ಣ ಯಾವಾಗ ಉದುರಿಹೋದನೋ, ಮೇಸ್ತ್ರಿ ಯಾವಾಗ ಸವೆದುಹೋದನೋ, ಈಗ ಬರೀ "ರೀ" ಉಳಿದಿತ್ತು. ಆ ಒಂದಕ್ಷರ ಕಿವಿಗೆ ಬಿದ್ದರೆ ಬಡಗಿಗೆ ತಂಪೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

"ಅತ್ತೆ ಕರೀತಿದ್ದಾರೆ. ಸಂಜೆ ಪ್ರಾರ್ಥನೆಗೆ ಹೋಗೋ ಮುಂಚೆ ಬರ್ಬೇಕಂತೆ."

"ಯಾಕಂತೆ?"

"ನಂಗೇನ್ ಗೊತ್ತು?"

ಗೊತ್ತಿತ್ತು. ಅವಳ ಕಿವಿಯ ತುದಿ ಕೆಂಪೇರಿತ್ತು. ಮುಚ್ಚಲೆಂದು ಕೂದಲು ಎಳೆದುಕೊಂಡಳು, ಕೂದಲು ಮಾತು ಕೇಳಲಿಲ್ಲ. ಅವಳು ಹೋದ ಮೇಲೂ ಬಡಗಿ ಕುರ್ಚಿಯ ಅದೇ ಕಾಲನ್ನು ತಿಕ್ಕುತ್ತ ಕೂತಿದ್ದ.

ಗಂಡ ಸತ್ತಾಗ ಅವಳು ಅತ್ತಿರಲಿಲ್ಲ. ಅನ್ನ ನೀರು ಬಿಟ್ಟು ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ಮಗನನ್ನು ಕಳೆದುಕೊಂಡ ಅತ್ತೆಯೇ ಅವಳ ಕೈ ಹಿಡಿದು ಪ್ರಾರ್ಥನಾ ಮಂದಿರಕ್ಕೆ ಕರೆದೊಯ್ದಳು. "ಅವನ ಗಳಿಗೆ ಬಂದಿತ್ತು ಮಗಳೇ. ದೇವರು ಕರ್ಕೊಂಡ. ಯಾರದ್ದೂ ತಪ್ಪಿಲ್ಲ." ಆ ಮಾತನ್ನು ಊರುಗೋಲು ಮಾಡಿಕೊಂಡು ಅವಳು ಎದ್ದಳು, ಉಂಡಳು, ಮತ್ತೆ ಮೆಷಿನ್ ತುಳಿದಳು.

ಆ ಏಣಿಯನ್ನು ರಿಪೇರಿ ಮಾಡಿದವನು ಬಡಗಿ. ಏಣಿಯ ಮೆಟ್ಟಿಲಿಗೆ ಅಂಟು ಹಾಕಿದರೆ ಒಂದು ಹಗಲು, ಒಂದು ರಾತ್ರಿ ಅದರ ಮೇಲೆ ಕಾಲಿಡುವಂತಿಲ್ಲ. ಗುರುತಿಗೆಂದು ಕೆಂಪು ಚಿಂದಿ ಕಟ್ಟುವುದು ಅವನ ಪದ್ಧತಿ. ಚಿಂದಿಯಿದ್ದರೆ ಹಸಿ, ಇಲ್ಲದಿದ್ದರೆ ಒಣಗಿದೆ. ಪೇಂಟರನಿಗೂ ಅದು ಗೊತ್ತು. ಆ ದಿನ ಏಣಿ ಹೊತ್ತು ಅವರ ಬೀದಿಯ ತಿರುವಿಗೆ ಬಂದ ಬಡಗಿ ಚಿಂದಿ ಬಿಚ್ಚಿ ಜೇಬಿಗೆ ತುರುಕಿಕೊಂಡ. ಎಣ್ಣೆ ಮೆತ್ತಿದ ಕೊಳಕು ಬಟ್ಟೆ ಅವಳ ಕಣ್ಣಿಗೆ ಬೀಳುವುದು ಬೇಡ, ಬಾಯಲ್ಲೇ ಹೇಳಿದರಾಯಿತು ಎಂದುಕೊಂಡ. ಅವಳು ಬಾಗಿಲು ತೆರೆದು, ಅವನ ತಲೆಯ ಮೇಲಿನ ಮರದ ಪುಡಿ ಕಂಡು, "ಅಣ್ಣಂಗೆ ಒಂದೇ ದಿನಕ್ಕೆ ತಲೆ ನರೆತುಹೋಯ್ತಲ್ಲ!" ಎಂದು ನಕ್ಕಳು. ಹೇಳಬೇಕಾದ ಮಾತು ಅಲ್ಲೇ ಮರೆತುಹೋಯಿತು. ಮಧ್ಯಾಹ್ನ ಪೇಂಟರ್ ಏಣಿ ಹತ್ತಿದ.

ಸಂಜೆ ಹೋದಾಗ ಅತ್ತೆ ಸುತ್ತಿಬಳಸಲಿಲ್ಲ.

"ಕೂತ್ಕೋಪ್ಪಾ. ಇವಳನ್ನ ಮದ್ವೆ ಆಗು. ಮಗನ್ನ ಕರ್ಕೊಂಡ ದೇವರೇ ನಿನ್ನ ಕಳಿಸಿದ್ದಾನೆ. ಇಬ್ರೂ ಮಾತಾಡ್ಕೊಳ್ಳಿ. ನಾನು ಒಳಗೆ ಕನ್ನಡಕ ಹುಡುಕ್ಬೇಕು."

ಕನ್ನಡಕ ಮೂಗಿನ ಮೇಲೇ ಇತ್ತು.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಿನಕ್ಕೆ ನೂರು ಸಲ ಮಾಡುವ ಕೆಲಸ, ಈಗ ಮೂರು ಸಲ ತಪ್ಪಿತು.

"ನಾನೂ ದೇವರನ್ನ ಕೇಳ್ದೆ," ಎಂದಳು ತಲೆ ಎತ್ತದೆ. "ಬೇಡ ಅನ್ನಲಿಲ್ಲ. ನಿಮ್ಮದು ಹೇಳಿ."

ತಲೆಯಾಡಿಸಿದ್ದರೆ ಸಾಕಿತ್ತು. ಆದರೆ 'ದೇವರು ಕಳಿಸಿದವನು' ಎಂಬ ಮಾತು ಬಡಗಿಯನ್ನು ತಡೆಯಿತು. ಆ ಹೆಸರಿನಲ್ಲಿ ಈ ಮನೆಯಲ್ಲಿ ಉಣ್ಣುವುದು ಹೇಗೆ? ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಅಂಟು, ಚಿಂದಿ, ಜೇಬು, ನಗು.

ಸೂಜಿ ಮಡಿಲಿಗೆ ಬಿತ್ತು.

"ಆಗಲೇ ನಿಮಗೆ ನನ್ನ ಮೇಲೆ ಮನಸ್ಸಿತ್ತಾ?"

"ಇತ್ತು."

"ಯಾರದ್ದೂ ತಪ್ಪಿಲ್ಲ ಅಂತ ಎರಡು ವರ್ಷ ಕೈಮುಗಿದು ಹೇಳಿದ್ದೀನಿ. ನೀವು ಮಂದಿರದ ಹಿಂದಿನ ಬೆಂಚಲ್ಲಿ ಕೂತು ಕೇಳಿಸ್ಕೊಳ್ತಿದ್ರಿ. ಹಾಯಾಗಿತ್ತಾ?"

"ಮೊದಮೊದಲು ಹಾಯಾಗಿತ್ತು," ಎಂದ. ಇವತ್ತು ಸುಳ್ಳು ಬಾಯಿಗೆ ಬರಲೊಲ್ಲದು.

"ಈಗ ಹೇಳಿ ನೀವು ಹಗುರ ಆದ್ರಿ. ನಾನು? ನಾಳೆ ಅಲ್ಲಿ ಕೂತು ಏನಂತ ಬೇಡ್ಕೊಳ್ಲಿ?"

ಅವಳು ಮಡಿಲಿನ ಸೂಜಿ ಹೆಕ್ಕಿ ಬಟ್ಟೆಗೆ ಚುಚ್ಚಿಟ್ಟಳು.

"ಬೈಯೋಣ ಅಂದ್ರೆ ಬಾಯಿ ಬರ್ತಿಲ್ಲ. ಮನಸ್ಸು ಇನ್ನೂ ನಿಮ್ಮ ಕಡೆನೇ ಇದೆ. ನನಗೇ ಅಸಹ್ಯ ಆಗ್ತಿದೆ." ಅವಳು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆಗೆ ಹೇಳ್ಬೇಡಿ. ಅವರಿಗಾದ್ರೂ ದೇವರು ಉಳೀಲಿ. ಹೊರಡಿ. ಇನ್ನು ಬರ್ಬೇಡಿ."

ಅವನು ಹೊರಬಂದು ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು.

"ಏನಂದ?"

"ಆಗಲ್ವಂತೆ ಅತ್ತೆ."

"ಅಯ್ಯೋ! ಹೋಗ್ಲಿ ಬಿಡು ಮಗಳೇ, ಅಳ್ಬೇಡ. ಅದೂ ದೇವರ ಇಚ್ಛೆನೇ ಇರ್ಬೇಕು. ಅಲ್ವಾ?"

ಬಡಗಿ ಒಂದೇ ಚಪ್ಪಲಿ ಮೆಟ್ಟಿ ನಿಂತ. ಬೀದಿಯಲ್ಲಿ ಎರಡು ಸೈಕಲ್ ದಾಟಿಹೋದವು. ಎದುರುಮನೆಯವಳು ಒಣಗಿದ ಬಟ್ಟೆಯನ್ನೆಲ್ಲ ತೆಗೆದು ಮಡಚಿ ಒಳಗೆ ಹೋದಳು.

"ಹೌದು ಅತ್ತೆ," ಎಂದಳು ಅವಳು ಕೊನೆಗೆ.

ಅಷ್ಟು ಕಷ್ಟಪಟ್ಟು ಯಾರಾದರೂ ಸುಳ್ಳು ಹೇಳಿದ್ದನ್ನು ಬಡಗಿ ಕೇಳಿರಲಿಲ್ಲ.