ಜೇಬಿನ ಚೀಟಿ ನಾವು ಓದೋದಿಲ್ಲ

"ಏನು ಮಾಡಿದೆ ಅಂದ್ರಿ?"

"ಇಸ್ತ್ರಿ, ಮೇಡಂ."

"ಇಸ್ತ್ರಿ...! ಕವನಕ್ಕೆ!"

ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಅಷ್ಟು ಜೋರಾದ ದನಿಯನ್ನು ಯಾರೂ ಕೇಳಿರಲಿಲ್ಲ. ನೆಲ ಒರೆಸುತ್ತಿದ್ದ ಅಟೆಂಡರಮ್ಮ ಕೋಲು ಹಿಡಿದುಕೊಂಡೇ ನಿಂತುಬಿಟ್ಟಳು. ಕೂಗಿದ್ದು ಬೇರೆ ಯಾರೂ ಅಲ್ಲ, ದಿನವಿಡೀ ಎಲ್ಲರಿಗೂ "ಶ್!" ಅನ್ನುವ ಪೆನ್ಸಿಲ್ ಮೇಡಮ್ಮೇ. ಶಾಯಿ ಪೆನ್ನು ಹಿಡಿದು ಆ ಕೋಣೆಗೆ ಕಾಲಿಡಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ಆ ಹೆಸರು.

ಎದುರಿಗೆ ನಿಂತಿದ್ದವನು ಲಾಂಡ್ರಿಯವನು. ಆಗತಾನೇ ಹೆಗಲಿಂದ ಇಳಿಸಿದ ತಗಡಿನ ಟ್ರಂಕು, ಮೊಣಕೈ ಹತ್ತಿರ ಹಳೆಯ ಸುಟ್ಟ ಗುರುತು, ಮೈಮೇಲೆ ಒಂದು ಸುಕ್ಕೂ ಇಲ್ಲದ ಅಂಗಿ.

"ಹದವಾದ ಶಾಖ, ಮೇಡಂ," ಎಂದ ಅವನು, ಸಮಾಧಾನ ಹೇಳುವವನಂತೆ. "ಮೇಲೆ ತೆಳು ಬಟ್ಟೆ ಹಾಕಿಯೇ ಉಜ್ಜಿದ್ದು. ರೇಷ್ಮೆಗೆ ಮಾಡ್ತೀವಲ್ಲ, ಹಾಗೆ."

ಟ್ರಂಕಿನ ತುಂಬ ಮೇಷ್ಟ್ರ ಚೀಟಿಗಳು. ಮೇಷ್ಟ್ರು ಅಂದರೆ ಕವಿ, ಪ್ರೊಫೆಸರು, ಮೂವತ್ತು ವರ್ಷ ಒಂದು ಸಾಹಿತ್ಯ ಪತ್ರಿಕೆ ನಡೆಸಿದ ಸಂಪಾದಕರು. ತೀರಿಕೊಂಡು ವರ್ಷವಾಗಿತ್ತು. ಅವರ ಉಳಿದ ಕಾಗದಪತ್ರಗಳೆಲ್ಲ ಆಗಲೇ ನಲವತ್ತು ಪೆಟ್ಟಿಗೆಗಳಲ್ಲಿ ಬಂದಿದ್ದವು. ಅದರಲ್ಲಿ ಎಂಟು ಪೆಟ್ಟಿಗೆ ಬರೀ "ವಿಷಾದದಿಂದ ಹಿಂದಿರುಗಿಸಿದೆ" ಎಂಬ ಪತ್ರಗಳ ನಕಲು! ಅವರ ಕಾಲದ ಕವಿಗಳಿಗೆ ಅಂಚೆಯವನನ್ನು ಕಂಡರೇ ಎದೆ ನಡುಗುತ್ತಿತ್ತಂತೆ.

"ಹನ್ನೊಂದು ವರ್ಷ ಅವರ ಅಂಗಿ ನಮ್ಮಲ್ಲೇ," ಎಂದ ಲಾಂಡ್ರಿಯವನು. "ಒಗೆಯೋ ಮುಂಚೆ ಜೇಬು ನೋಡಲೇಬೇಕಲ್ಲ. ವಾರಕ್ಕೆ ಒಂದಾದರೂ ಚೀಟಿ, ಮುದುರಿಕೊಂಡು! ನೆಟ್ಟಗೆ ಮಾಡಿ ಅಂಗಿ ಜೊತೆ ವಾಪಸ್ ಕೊಡ್ತಿದ್ದೆ. ಅವರು ಈ ಟ್ರಂಕಿಗೆ ಹಾಕ್ತಿದ್ದರು. ಹೋಗೋ ಮುಂಚೆ ಟ್ರಂಕು ನನಗೆ ಅಂತ ಬರೆದಿಟ್ಟರು. ನನಗ್ಯಾಕೆ ಮೇಡಂ? ಇಲ್ಲಿದ್ದರೆ ನಾಲ್ಕು ಜನ ನೋಡ್ತಾರೆ."

ಹಾಗೆ ಹೇಳುತ್ತಲೇ ಮೇಲೆ ಬಂದಿದ್ದ ಚೀಟಿಯೊಂದನ್ನು ಮೆಲ್ಲಗೆ ಮಗುಚಿ ಹಾಕಿದ. ಅವಳು ಅದನ್ನು ಗಮನಿಸಿದಳು. ದಾನಪತ್ರ ಮುಂದಿಟ್ಟರೆ ಅದನ್ನೂ ಓದಲಿಲ್ಲ, ಜೇಬು ತಡವಿಕೊಂಡು ಪೆಚ್ಚಾಗಿ ನಿಂತ.

ಅವಳಿಗೆ ಥಟ್ಟನೆ ಹೊಳೆಯಿತು. 'ಅಯ್ಯೋ ಪಾಪ... ಓದೋಕೆ ಬರೋದಿಲ್ಲ!'

ಕೋಪವೆಲ್ಲ ಕರಗಿಹೋಯಿತು. ಕುರ್ಚಿ ಎಳೆದು ಕೂರಿಸಿ, ಎರಡು ಪುಟದ ದಾನಪತ್ರವನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಓದಿ ಹೇಳಿದಳು. ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ. ಸಹಿ ಹಾಕಿದ. ಹೊರಟ.

'ಸಹಿ ಮಾತ್ರ ಎಷ್ಟು ಮುದ್ದಾಗಿ ಕಲಿತಿದ್ದಾರೆ!' ಅಂದುಕೊಂಡಳು ಅವಳು.

ಮರುದಿನದಿಂದ ಕೆಲಸ. ಪ್ರತಿ ಚೀಟಿಗೂ ತುಕ್ಕು ಹಿಡಿದ ಪಿನ್ನು, ಪಿನ್ನಿನಲ್ಲಿ ಲಾಂಡ್ರಿಯ ಗುರುತಿನ ಬಟ್ಟೆಚೂರು. ಎಲ್ಲವನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದಳು. ಒಂದು ಪಿನ್ನು ಬೆರಳಿಗೂ ಚುಚ್ಚಿತು. ಬುಟ್ಟಿ ತುಂಬಿದಾಗ ಅಟೆಂಡರಮ್ಮ ಹೊರಗೆ ಸುರಿದು ಬಂದಳು.

ಮೂರನೇ ದಿನ ನಿರ್ದೇಶಕರು ಒಳಗೆ ಬಂದರು.

"ಮುಂದಿನ ವಾರ ಪ್ರದರ್ಶನ. ನಡುವಿನ ಗಾಜಿನ ಪೆಟ್ಟಿಗೇಲಿ ಮೇಷ್ಟ್ರ ಕೊನೆಯ ಕವನ ಇರಬೇಕು. ಯಾವುದದು?"

ಒಂದು ಚೀಟಿಯಲ್ಲೂ ತಾರೀಖಿಲ್ಲ! ಅವಳು ತಿರುವಿ ತಿರುವಿ ನೋಡಿದಳು. ಆಮೇಲೆ ಖಾಲಿ ಕಸದ ಬುಟ್ಟಿಯ ಕಡೆ ತಿರುಗಿದಳು.

ಆ ಬಟ್ಟೆಚೂರುಗಳ ಮೇಲೆ ವಾರದ ಸಂಖ್ಯೆ ಇತ್ತು.

ಒಂದು ಗುಂಡುಸೂಜಿ ಎಸೆಯಬೇಕಾದರೂ ಮೂರು ಸಲ ಯೋಚಿಸಿ ಎಂದು ಎಲ್ಲರಿಗೂ ಪಾಠ ಹೇಳುವವಳು! ಇನ್ನು ಗೊತ್ತಿರುವವನು ಒಬ್ಬನೇ. ಇಸ್ತ್ರಿ ಮಾಡಿದ್ದಕ್ಕೆ ತಾನು ಬೈದು ಕಳಿಸಿದವನು...

ಲಾಂಡ್ರಿಯ ಮೆಟ್ಟಿಲು ಹತ್ತಿದಾಗ ಅವನು ಮೂಗಿನ ತುದಿಗೆ ಕನ್ನಡಕ ಏರಿಸಿಕೊಂಡು ಪತ್ರಿಕೆ ಓದುತ್ತಿದ್ದ.

"ನಿಮಗೆ... ಓದೋಕೆ ಬರುತ್ತಾ?"

"ಬಿ.ಕಾಂ., ಮೇಡಂ."

"ಮತ್ತೆ ಮೊನ್ನೆ ನಾನು ಎರಡು ಪುಟ ಗಂಟಲು ಹರಕೊಂಡೆನಲ್ಲ!"

"ಕನ್ನಡಕ ಮರೆತು ಬಂದಿದ್ದೆ. ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ನೀವು ಶುರು ಮಾಡಿಬಿಟ್ರಿ..." ಅವನು ಕಿವಿ ಕೆರೆದುಕೊಂಡ. "ಚೆನ್ನಾಗಿತ್ತು ಮೇಡಂ. ಷರತ್ತು ನಾಲ್ಕನ್ನ ಅಷ್ಟು ಪ್ರೀತಿಯಿಂದ ಯಾರು ಓದ್ತಾರೆ?"

ಅವಳ ಮುಖ ಕೆಂಪಾಯಿತು. "ನನ್ನನ್ನ ಆಟ ಆಡಿಸಿದ್ರಿ!"

ದುಡುದುಡು ಮೆಟ್ಟಿಲಿಳಿದಳು. ಮೂರು ಮೆಟ್ಟಿಲಿಳಿದ ಮೇಲೆ ಬಂದ ಕೆಲಸ ನೆನಪಾಯಿತು. ಮತ್ತೆ ಮೂರು ಮೆಟ್ಟಿಲು ಹತ್ತಿದಳು.

"ಆ ಬಟ್ಟೆಚೂರುಗಳನ್ನ... ನಾನು ಎಸೆದುಬಿಟ್ಟೆ."

ಹನ್ನೊಂದು ವರ್ಷದ ಗುರುತುಗಳು! ಬೈಯಲಿ ಎಂದು ತಲೆ ತಗ್ಗಿಸಿ ನಿಂತಳು. ಅವನು ನೋಡುತ್ತಿದ್ದದ್ದು ಅವಳ ಬೆರಳಿನ ಪಟ್ಟಿಯನ್ನು.

"ಪಿನ್ನು ಚುಚ್ಚಿತಾ? ತುಕ್ಕಿನದು ಮೇಡಂ. ಇಂಜೆಕ್ಷನ್ ಹಾಕಿಸಿಕೊಂಡ್ರಾ?"

ಅಷ್ಟೇ ಕೇಳಿದ. ಅವಳಿಗೆ ಯಾಕೋ ಕಣ್ಣು ತುಂಬಿ ಬಂತು.

ನಾಲ್ಕು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದ. ಚೀಟಿಗಳನ್ನೆಲ್ಲ ಉದ್ದನೆಯ ಮೇಜಿನ ಮೇಲೆ ಮಗುಚಿ ಹರಡಿ, ಬರೀ ಬೆನ್ನು ನೋಡಿ ಜೋಡಿಸತೊಡಗಿದ.

"ಇದು ಮಾತ್ರೆ ಪೊಟ್ಟಣ. ಅವರಿಗೆ ಕೆಮ್ಮು ಬಂದಿದ್ದ ತಿಂಗಳು. ಇದು ಪರೀಕ್ಷೆ ಪೇಪರಿನ ಅಂಚು, ಅಂದರೆ ಇನ್ನೂ ಪಾಠ ಮಾಡ್ತಿದ್ದ ಕಾಲ. ಈ ಶಾಯಿ ಕಲೆ ನೀಲಿ ಗೀರಿನ ಅಂಗೀದು. ಮೂರು ಸಲ ಒಗೆದರೂ ಹೋಗಲಿಲ್ಲ, ಮೇಷ್ಟ್ರು ಮುಖ ಊದಿಸಿಕೊಂಡಿದ್ದರು!"

"ಒಂದ್ಸಲ ತಿರುಗಿಸಿ ಓದಬಾರದಾ? ಎಂಥ ಕವನಗಳು ಗೊತ್ತಾ!"

"ಬೇಡ ಮೇಡಂ. ಜೇಬಿನ ಚೀಟಿ ನಾವು ಓದೋದಿಲ್ಲ. ಅಪ್ಪನ ಕಾಲದಿಂದ ಅಂಗಡಿ ನಿಯಮ. ಜನ ನಂಬಿ ಅಂಗಿ ಕೊಟ್ಟಿರ್ತಾರೆ."

ಅವಳು ಪೆನ್ಸಿಲ್ ಹಿಡಿದು ಸಂಖ್ಯೆ ಹಾಕುತ್ತಾ ಹೋದಳು. ಎರಡನೇ ದಿನ ಅವಳ ಬಿಳಿ ಕೋಟಿನ ಸಡಿಲ ಗುಂಡಿಯನ್ನು ಅವನು ಕೇಳದೆಯೇ ಹೊಲಿದು ಕೊಟ್ಟ. ಮೂರನೇ ದಿನ ಅವನು ಬರುವುದು ಹತ್ತು ನಿಮಿಷ ತಡವಾದಾಗ ಅವಳು ಏಳು ಸಲ ಬಾಗಿಲು ನೋಡಿದಳು.

"ಗಡಿಯಾರ ಈ ಕಡೆ ಇದೆ ಮೇಡಂ," ಎಂದಳು ಅಟೆಂಡರಮ್ಮ.

ನಾಲ್ಕನೇ ದಿನ ಕೊನೆಯ ಚೀಟಿ ಉಳಿಯಿತು. ಬೆನ್ನ ಮೇಲೆ ಲಾಂಡ್ರಿಯದೇ ಮುದ್ರೆ.

"ಇದೇ ಕೊನೇದು. ನಮ್ಮ ರಸೀದಿಯ ಹಿಂದೆ ಬರೆದಿದ್ದಾರೆ. ಮಾರನೇ ವಾರ ಅಂಗಿ ತಗೊಂಡು ಹೋಗೋಕೆ ಅವರು ಬರಲಿಲ್ಲ... ಟ್ರಂಕು ನನ್ನ ಕೈಗೆ ಬಂದಾಗ ನಾನೇ ಅದಕ್ಕೆ ಹಾಕಿದೆ."

ಅವಳು ತಿರುಗಿಸಿ ಕಣ್ಣಾಡಿಸಿದಳು.

"ಇದು ಕವನ ಅಲ್ಲ. ನಿಮಗೆ ಬರೆದಿರೋದು!"

"ನನಗಾ? ಜೇಬಲ್ಲಿತ್ತಲ್ಲ ಮೇಡಂ..."

"ನಿಮಗೇ! ತಗೊಳ್ಳಿ, ಓದಿ."

ಅವನು ಕನ್ನಡಕ ತೆಗೆದ. ಮತ್ತೆ ಮಡಿಸಿ ಜೇಬಿಗೆ ಹಾಕಿದ. "ನೀವೇ ಓದಿ ಮೇಡಂ."

ಅವಳು ಓದಿದಳು.

"ಮಹಾರಾಯ, ನಾನು ಸಾವಿರಾರು ಜನರ ಕವನ ಹಿಂದಿರುಗಿಸಿದೆ. ನನ್ನ ಕವನವನ್ನು ಇಸ್ತ್ರಿ ಮಾಡಿ ಹಿಂದಿರುಗಿಸುವ ಸಂಪಾದಕ ನೀನೊಬ್ಬನೇ. ಜೇಬಿನಲ್ಲಿ ನಾನು ಒಂದನ್ನೂ ಮರೆತದ್ದಲ್ಲ, ನೀನು ಓದಲೆಂದೇ ಇಟ್ಟದ್ದು. ಹನ್ನೊಂದು ವರ್ಷವಾಯಿತು. ಒಂದನ್ನಾದರೂ ಓದಯ್ಯಾ."

ಅವನು ಆ ಉದ್ದನೆಯ ಮೇಜನ್ನೇ ನೋಡುತ್ತಿದ್ದ.

"ಕೇಳಬಹುದಿತ್ತಲ್ಲ..." ಎಂದ, ಮೆಲ್ಲಗೆ. "ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಓದ್ತಿದ್ದೆನಲ್ಲ."

ಅವಳು ಮೊದಲನೆಯ ಚೀಟಿ ತೆಗೆದು ಓದಲು ಶುರುಮಾಡಿದಳು. ಸಂಜೆ ಗಂಟೆ ಹೊಡೆಯುವವರೆಗೂ ಓದಿದಳು, ಅವನು ಗಲ್ಲಕ್ಕೆ ಕೈಕೊಟ್ಟು ಕೇಳಿದ. ಅಟೆಂಡರಮ್ಮ ಒರೆಸಿದ ನೆಲವನ್ನೇ ನಾಲ್ಕು ಸಲ ಒರೆಸಿದಳು.

ಪ್ರದರ್ಶನ ಮುಗಿಯಿತು. ಇನ್ನು ಅವನು ಬರಲು ಕಾರಣವೇ ಇಲ್ಲ! ಎರಡು ದಿನ ಚಡಪಡಿಸಿ, ಅವಳು ತನ್ನ ಬಿಳಿ ಕೋಟನ್ನು ಲಾಂಡ್ರಿಗೆ ಹಾಕಿದಳು. ಜೇಬಿನಲ್ಲಿ ಒಂದು ಚೀಟಿ.

ಮೂರನೇ ದಿನ ಕೋಟು ಬಂತು, ಹಿಡಿದುಕೊಂಡು ಅವನೇ ಬಂದ. ಮೇಲೆ ಚೀಟಿ, ಗರಿಗರಿಯಾಗಿ. ಅದಕ್ಕೊಂದು ಹೊಸ ಪಿನ್ನು, ಒಂದು ಬಟ್ಟೆಚೂರು. ಸಂಖ್ಯೆ: ಒಂದು.

"ಓ... ಓದಿದ್ರಾ?"

"ಜೇಬಿನ ಚೀಟಿ, ಮೇಡಂ," ಎಂದ ಅವನು, ಮುಗ್ಧವಾಗಿ. ಕಿವಿ ಮಾತ್ರ ಕೆಂಪಗಿತ್ತು. "ನಿಯಮ ಗೊತ್ತಲ್ಲ."

'ಹಾಳು ನಿಯಮ!' ಅವಳು ಮೇಷ್ಟ್ರ ಆ ಕೊನೆಯ ಚೀಟಿ ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಕಡೆ ನೋಡಿದಳು. ಹನ್ನೊಂದು ವರ್ಷ... ಬಾಯಿಬಿಟ್ಟು ಒಂದು ಮಾತು...

"ಕೂತ್ಕೊಳ್ಳಿ. ಓದ್ತೀನಿ."

ಗ್ರಂಥಾಲಯದ ದಾಖಲೆ ಓದುವವಳಂತೆ ಓದಿದಳು.

"ವಿವರ: ಲಾಂಡ್ರಿಯವರು. ಸ್ಥಿತಿ: ಉತ್ತಮ. ಮೊಣಕೈ ಬಳಿ ಸುಟ್ಟ ಗುರುತು. ಇಡಬೇಕಾದ ಜಾಗ: ನನ್ನ ಹತ್ತಿರ. ಷರಾ..." ಅವಳು ತಲೆಯೆತ್ತಿದಳು. "ಹಿಂದಿರುಗಿಸತಕ್ಕದ್ದಲ್ಲ."

ಬಾಗಿಲ ಹತ್ತಿರ ನೆಲ ಒರೆಸುವ ಕೋಲು ಧಡ್ಡನೆ ಬಿತ್ತು.

ಅವನು ಎದ್ದು ಬಂದು ಅವಳ ಕೈಯಿಂದ ಚೀಟಿ ತೆಗೆದುಕೊಂಡ. ತನ್ನ ಅಂಗಿಯ ಜೇಬಿಗೆ ಇಟ್ಟುಕೊಂಡು ಮೇಲೊಮ್ಮೆ ಒತ್ತಿಕೊಂಡ.

"ಇದೊಂದನ್ನ ವಾಪಸ್ ಕೊಡೋದಿಲ್ಲ."

"ಅಷ್ಟೇನಾ? ಬೇರೆ ಏನೂ ಹೇಳೋದಿಲ್ವಾ?"

"ಹೇಳ್ತೀನಿ. ಇನ್ನೊಂದ್ಸಲ ಓದಿ, ನಿಧಾನವಾಗಿ... ಷರತ್ತು ನಾಲ್ಕರ ಥರ."

"ಚೀಟಿ ನಿಮ್ಮ ಜೇಬಲ್ಲಿದೆಯಲ್ಲ!"

"ಬಾಯಿಪಾಠ ಬರೋದಿಲ್ವಾ?" ಎಂದು ನಕ್ಕ ಅವನು. "ನನಗೆ ಬರುತ್ತೆ."

"ಅಂದರೆ... ಓದಿದ್ರಿ!"

"ಮೂರು ದಿನದಿಂದ ಓದ್ತಾನೇ ಇದ್ದೀನಿ, ಮೇಡಂ."