ನೀರಾನೆಯ ಮೇಲೆ ಸೈಕಲ್ಲು

"ಚಿಕ್ಕಮ್ಮ, ಸೈಕಲ್ಲು ಮತ್ತೆ ನೀರಾನೆ ಮೇಲೆ ಹತ್ತಿ ಕೂತಿದೆ," ಅಂದಳು ಚೂಟಿ.

ಕಂಪ್ಯೂಟರಿನ ಪರದೆಯ ಮೇಲೆ ನೀಲಿ ನೀರಾನೆಯೊಂದು ಏದುಸಿರು ಬಿಡುತ್ತ ಓಡುತ್ತಿತ್ತು. ಅದರ ಬೆನ್ನ ಮೇಲೆ ಒಂದು ಕೆಂಪು ಸೈಕಲ್ಲು ಆರಾಮವಾಗಿ ಕೂತು ಟ್ರಿಣ್ ಟ್ರಿಣ್ ಎಂದು ಬೆಲ್ ಹೊಡೆಯುತ್ತಿತ್ತು. ನಿಜಕ್ಕೂ ಆಗಬೇಕಿದ್ದದ್ದು ತಿರುಗಾಮುರುಗ. ನೀರಾನೆ ಒಬ್ಬ ಪೋಸ್ಟ್‌ಮ್ಯಾನ್. ಅದು ಸೈಕಲ್ ತುಳಿಯುತ್ತ ಊರೆಲ್ಲ ಸುತ್ತಿ ಪಾರ್ಸೆಲ್ ಹಂಚಬೇಕು. ಅದೇ ಆ ಗೇಮು.

ಚೂಟಿಯ ತಮ್ಮ ಗುಂಡು ನಕ್ಕು ನಕ್ಕು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಬಿದ್ದ. ಅಲ್ಲೇ ಮಲಗಿಕೊಂಡು ಉಳಿದ ನಗುವನ್ನೂ ನಕ್ಕು ಮುಗಿಸಿದ.

ಚೂಟಿಗೆ ಮಾತ್ರ ನಗು ಬರಲಿಲ್ಲ. ಅವಳ ಮಾನ ಆ ನೀರಾನೆಯ ಕೈಯಲ್ಲಿತ್ತು.

ಆದದ್ದು ಇಷ್ಟೇ. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯನ್ನು ಎಲ್ಲರೂ 'ಲಾಯರ್' ಅನ್ನುತ್ತಿದ್ದರು. ಮಳೆ ಬರ್ತಿದೆ ಎಂದರೆ ಅವಳು ಸಾಕ್ಷಿ ಎಲ್ಲಿ ಎಂದು ಕೇಳುವವಳು. ನಮ್ಮನೆ ಕಂಪ್ಯೂಟರಿನಲ್ಲೂ ನೀರಾನೆ ಗೇಮ್ ಆಡಬಹುದು ಎಂದು ಚೂಟಿ ಜಂಬ ಕೊಚ್ಚಿಕೊಂಡಾಗ, ಲಾಯರ್ ಕಣ್ಣು ಸಣ್ಣ ಮಾಡಿಕೊಂಡು ನಿಮ್ಮನೆ ಕಂಪ್ಯೂಟರನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್ ತಾನೇ ಎಂದು ಕೇಳಿದ್ದಳು. ಆ ಗೇಮು ವಿಂಡೋಸ್‌ದು, ಲಿನಕ್ಸ್‌ನಲ್ಲಿ ಬರುವುದಿಲ್ಲ ಎಂದು ತೀರ್ಪನ್ನೂ ಕೊಟ್ಟುಬಿಟ್ಟಿದ್ದಳು. ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಶನಿವಾರ ಮಧ್ಯಾಹ್ನ ಲಾಯರ್ ಬಂದು ನೋಡಬೇಕು. ಗೇಮು ಸರಿಯಾಗಿ ಓಡದಿದ್ದರೆ ಚೂಟಿ ವಾರ ಪೂರ್ತಿ ಸ್ಕೂಲ್ ಗೇಟಿನಿಂದ ಕ್ಲಾಸಿನವರೆಗೆ ಹಿಮ್ಮುಖವಾಗಿ ನಡೆಯಬೇಕು. ಓಡಿದರೆ ಲಾಯರ್ ನಡೆಯಬೇಕು.

ಚೂಟಿ ಅಷ್ಟು ಧೈರ್ಯ ಮಾಡಿದ್ದು ಚಿಕ್ಕಮ್ಮನನ್ನು ನಂಬಿಕೊಂಡು. ಚಿಕ್ಕಮ್ಮನ ಕೆಲಸವೇ ಅದು. ವಿಂಡೋಸ್‌ಗೆಂದು ಮಾಡಿದ ಗೇಮುಗಳಿಗೆ ಲಿನಕ್ಸ್‌ನ ಭಾಷೆ ಬರುವುದಿಲ್ಲ. ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳಲು ಒಂದು ಸಾಫ್ಟ್‌ವೇರ್ ಬೇಕು. ಆ ಸಾಫ್ಟ್‌ವೇರನ್ನು ದಿನ ದಿನವೂ ರಿಪೇರಿ ಮಾಡುವ ಗುಂಪಿನಲ್ಲಿ ಚಿಕ್ಕಮ್ಮನೂ ಒಬ್ಬಳು. ಮೂಲೆಯ ಕೋಣೆಯಲ್ಲಿ, ಆರಿದ ಟೀ ಲೋಟಗಳ ನಡುವೆ ಕೂತು, ಆಗಾಗ ಕಂಪ್ಯೂಟರನ್ನು ಬೈಯುತ್ತ ಕೆಲಸ ಮಾಡುತ್ತಾಳೆ.

"ಗೇಮ್ ಕೆಟ್ಟು ಹೋಗಿದೆ, ಸರಿ ಮಾಡು," ಎಂದು ಚೂಟಿ ಮೊದಲ ದಿನ ಹೇಳಿದಾಗ ಚಿಕ್ಕಮ್ಮ ತಲೆ ಎತ್ತಲೇ ಇಲ್ಲ.

"ಕೆಟ್ಟಿದೆ ಅಂದ್ರೆ ನಂಗೇನೂ ಗೊತ್ತಾಗಲ್ಲ ಕಣೇ. ಏನು ಮಾಡಿದಾಗ ಕೆಡುತ್ತೆ, ಅದನ್ನ ಹುಡುಕಿ ಹೇಳು."

ಚೂಟಿ ಹುಡುಕಲು ಕೂತಳು. ನೀರಾನೆಯನ್ನು ವೇಗವಾಗಿ ಓಡಿಸಿದಳು, ಕೆರೆಗೆ ಬೀಳಿಸಿದಳು, ಮರಕ್ಕೆ ಗುದ್ದಿಸಿದಳು. ಏನೂ ಆಗಲಿಲ್ಲ. ಕೊನೆಗೆ ಗೊತ್ತಾಯಿತು. ಪಾರ್ಸೆಲ್ ಕೊಡಲು ನೀರಾನೆ ಸೈಕಲ್ಲಿನಿಂದ ಇಳಿಯುತ್ತದೆ. ಆಮೇಲೆ ಮತ್ತೆ ಹತ್ತಲು ಹೋದಾಗ, ಹತ್ತುವುದು ನೀರಾನೆಯಲ್ಲ, ಸೈಕಲ್ಲು. ಪ್ರತಿ ಸಲವೂ ಹಾಗೇ.

ಇದನ್ನು ಕೇಳಿ ಚಿಕ್ಕಮ್ಮ ಕುರ್ಚಿ ತಿರುಗಿಸಿಕೊಂಡು ಚೂಟಿಯನ್ನು ನೋಡಿದಳು. ಈಗ ಹೇಳಿದೆ ನೋಡು ಸರಿಯಾಗಿ ಎಂದು ಬೆನ್ನು ತಟ್ಟಿದಳು.

ಅಲ್ಲಿಂದ ಶುರುವಾಯಿತು ರಿಪೇರಿ. ಚಿಕ್ಕಮ್ಮ ಸಾಫ್ಟ್‌ವೇರಿನಲ್ಲಿ ಏನೋ ಬದಲಿಸುವುದು, ಚೂಟಿ ಗೇಮ್ ಆಡಿ ನೋಡುವುದು. ಮೊದಲ ರಿಪೇರಿಗೆ ನೀರಾನೆ ಮಾಯವಾಯಿತು, ಅದರ ಹಲ್ಲುಗಳು ಮಾತ್ರ ಸೈಕಲ್ ತುಳಿದುಕೊಂಡು ಹೋದವು. ಇನ್ನೊಂದು ರಿಪೇರಿಗೆ ನೀರಾನೆ ಬಲೂನಿನಂತೆ ಮೇಲೇರಿ ಆಕಾಶದಲ್ಲಿ ಪಾರ್ಸೆಲ್ ಹಿಡಿದು ನಿಂತಿತು, ಕೆಳಗೆ ಬಾಗಿಲಲ್ಲಿ ಅಜ್ಜಿಯೊಬ್ಬಳು ಕೈ ಚಾಚಿಕೊಂಡು ಕಾಯುತ್ತಲೇ ಇದ್ದಳು. ಗುಂಡು ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದ. ಹಲ್ಲಿನದೇ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಳ್ಳೋಣ ಎಂದು ದುಂಬಾಲು ಬಿದ್ದ.

ಶನಿವಾರ ಬಂದರೂ ಸೈಕಲ್ಲು ನೀರಾನೆಯ ಬೆನ್ನಿನಿಂದ ಇಳಿದಿರಲಿಲ್ಲ. ಚಿಕ್ಕಮ್ಮ ತಾನು ಬರೆದದ್ದನ್ನೆಲ್ಲ ಒಂದೊಂದು ಸಾಲೂ ಓದಿದ್ದಳು. ನಮ್ಮ ಕಡೆಯಿಂದ ಒಂದೂ ತಪ್ಪಿಲ್ಲ, ಗೇಮು ಹೇಳಿದ್ದನ್ನ ಹೇಳಿದ ಹಾಗೇ ನಮ್ಮ ಸಾಫ್ಟ್‌ವೇರು ಮಾಡ್ತಿದೆ ಎಂದು ತಲೆ ಕೆರೆದುಕೊಂಡಳು. ಚೂಟಿ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ಹಿಮ್ಮುಖವಾಗಿ ನಡೆದು ಅಭ್ಯಾಸ ಮಾಡತೊಡಗಿದಳು. ಬೀರುವಿಗೆ ಡಿಕ್ಕಿ ಹೊಡೆದ ಮೇಲೆ ಅದನ್ನೂ ಬಿಟ್ಟು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತ ನಿಂತಳು.

ಅಷ್ಟರಲ್ಲಿ ಲಾಯರ್ ಬಂದಳು, ಹೇಳಿದ ಹೊತ್ತಿಗಿಂತ ಮುಂಚೆಯೇ. ಗುಂಡು ಬಾಗಿಲು ತೆಗೆದು, ಅವಳನ್ನು ಹಜಾರಕ್ಕೆ ಬಿಟ್ಟು ಓಡಿಹೋದ. ಹಜಾರದಲ್ಲಿ ತಾತ ಒಬ್ಬರೇ ಸೋಫಾದ ಮೇಲೆ ಕೂತಿದ್ದರು.

ತಾತನಿಗೆ ಈಚೆಗೆ ಹೆಸರುಗಳು ನಾಲಿಗೆಗೆ ಬೇಗ ಬರುವುದಿಲ್ಲ. "ಮಗು, ಆ ಇದು ಕೊಡಮ್ಮ," ಎಂದು ಅವರು ಬಾಗಿಲ ಕಡೆ ಕೈ ತೋರಿಸಿದರು.

ಬಾಗಿಲ ಪಕ್ಕದಲ್ಲಿ ಛತ್ರಿ ಇತ್ತು. ಲಾಯರ್ ಅದನ್ನು ತಂದುಕೊಟ್ಟಳು. ತಾತ ಥ್ಯಾಂಕ್ಸ್ ಹೇಳಿ ತೊಡೆಯ ಮೇಲಿಟ್ಟುಕೊಂಡು, ಅದಲ್ಲಮ್ಮ, ಇದು ಎಂದರು. ಅವಳು ಗುಂಡುವಿನ ಬೂಟು ತಂದಳು. ಅದಕ್ಕೂ ಥ್ಯಾಂಕ್ಸ್ ಬಂತು. ಆಮೇಲೆ ಪೊರಕೆ. ಆಮೇಲೆ ಹೂವಿನ ಕುಂಡ.

ಚೂಟಿ ಅಡುಗೆಮನೆಯಿಂದ ಬಂದು ನೋಡಿದಾಗ ತಾತನ ಮುಖ ಎಲೆಗಳ ಹಿಂದೆ ಇತ್ತು. ಲಾಯರ್ ಕಾಲೊರಸನ್ನು ಎಳೆದುಕೊಂಡು ಬರುತ್ತಿದ್ದಳು.

ಚೂಟಿ ಬಾಗಿಲ ಪಕ್ಕದ ಕಿಟಕಿಯ ಕಟ್ಟೆಯ ಮೇಲಿದ್ದ ಟಿವಿ ರಿಮೋಟ್ ತೆಗೆದು ತಾತನ ಕೈಗೆ ಕೊಟ್ಟಳು. ಎಲೆಗಳ ಹಿಂದಿನಿಂದ ತಾತ ಹಾಂ, ಇದೇ ಇದೇ ಎಂದರು.

"ಹೆಸರೇ ಹೇಳದಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?" ಲಾಯರ್ ಮುಖ ಊದಿಸಿಕೊಂಡಳು. "ಅವರು ತೋರಿಸಿದ ಕಡೆ ಇದ್ದಿದ್ದನ್ನೇ ಕೊಟ್ಟಿದ್ದೀನಿ. ನಂದೇನೂ ತಪ್ಪಿಲ್ಲ."

"ತಾತ ಕೂತ್ಕೊಂಡು 'ಇದು' ಅಂದ್ರೆ ರಿಮೋಟು. ನಿಂತ್ಕೊಂಡು 'ಇದು' ಅಂದ್ರೆ ಚಪ್ಪಲಿ," ಅಂದಳು ಚೂಟಿ. "ಅವ್ರು ಹೇಳಲ್ಲ, ನಾವೇ ಅರ್ಥ ಮಾಡ್ಕೋಬೇಕು."

ತಾತನ ತೊಡೆಯಿಂದ ಹೂವಿನ ಕುಂಡವನ್ನು ಎತ್ತಿ ಕೆಳಗಿಡುತ್ತಿದ್ದ ಚೂಟಿ ಅರ್ಧದಲ್ಲೇ ನಿಂತಳು. ನಂದೇನೂ ತಪ್ಪಿಲ್ಲ ಅನ್ನುವ ಮಾತನ್ನು ಬೆಳಿಗ್ಗೆಯಿಂದ ಅವಳು ಚಿಕ್ಕಮ್ಮನ ಬಾಯಲ್ಲೂ ಕೇಳುತ್ತಲೇ ಇದ್ದಳು. ಕುಂಡವನ್ನು ತಬ್ಬಿಕೊಂಡೇ ಮೂಲೆಯ ಕೋಣೆಗೆ ಓಡಿದಳು.

"ಚಿಕ್ಕಮ್ಮ, ಗೇಮೇ ತಾತನ ಥರ ಅರ್ಧಂಬರ್ಧ ಹೇಳ್ತಿದ್ರೆ?"

ಚಿಕ್ಕಮ್ಮ ಕುಂಡವನ್ನೂ ಚೂಟಿಯನ್ನೂ ನೋಡಿದಳು. ಪರದೆಯ ಕಡೆ ತಿರುಗಿ, ಗೇಮು ಏನೇನು ಹೇಳಿತು ಎಂದು ಮೊದಲಿನಿಂದ ನೋಡುತ್ತ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೇಜಿಗೆ ಒಂದು ಗುದ್ದು ಗುದ್ದಿದಳು. ಟೀ ಲೋಟಗಳು ಕುಣಿದವು.

ಗೇಮು ನೀರಾನೆಯನ್ನು ಕೂರಿಸು ಎನ್ನುತ್ತಿತ್ತು. ಎಷ್ಟು ಎತ್ತರದಲ್ಲಿ ಎಂದು ಹೇಳುವ ಜಾಗವನ್ನು ಖಾಲಿ ಬಿಟ್ಟಿತ್ತು. ವಿಂಡೋಸ್ ಆದರೆ, ಖಾಲಿ ಬಿಟ್ಟಿದ್ದಾರೆ, ಅಂದರೆ ಇಳಿಯುವ ಮುಂಚೆ ಇದ್ದ ಜಾಗವೇ ಇರಬೇಕು ಎಂದುಕೊಂಡು ಸೀಟಿನ ಮೇಲೆ ಕೂರಿಸುತ್ತಿತ್ತು. ಚಿಕ್ಕಮ್ಮನ ಗುಂಪಿನ ಸಾಫ್ಟ್‌ವೇರು ಖಾಲಿ ಎಂದರೆ ಸೊನ್ನೆ, ಸೊನ್ನೆ ಎಂದರೆ ನೆಲ ಎಂದು ನೀರಾನೆಯನ್ನು ನೆಲಕ್ಕೆ ಹಾಕುತ್ತಿತ್ತು. ಸೈಕಲ್ಲು ಪಾಪ ಏನು ಮಾಡಬೇಕು, ಮೇಲೆ ಕೂರುತ್ತಿತ್ತು.

"ಹಾಗಾದ್ರೆ ಗೇಮ್ ಮಾಡಿದವ್ರದ್ದು ತಪ್ಪು. ಅವ್ರಿಗೇ ಹೇಳು, ಅವ್ರೇ ಸರಿ ಮಾಡ್ಲಿ," ಎಂದು ಬಾಗಿಲಲ್ಲಿ ನಿಂತ ಲಾಯರ್ ವಾದ ಹೂಡಿದಳು.

ಅವರು ಯಾವತ್ತೋ ಅಂಗಡಿ ಮುಚ್ಚಿಕೊಂಡು ಹೋಗಿದ್ದಾರೆ, ಈಗ ಅರ್ಥ ಮಾಡಿಕೊಳ್ಳಬೇಕಾದವರು ನಾವೇ ಎನ್ನುತ್ತ ಚಿಕ್ಕಮ್ಮ ಆಗಲೇ ಟೈಪ್ ಮಾಡತೊಡಗಿದ್ದಳು.

ಅದೂ ಒಂದೇ ಏಟಿಗೆ ಆಗಲಿಲ್ಲ. ಹೊಸ ರಿಪೇರಿಯಿಂದ ಬೇರೆ ಗೇಮು ಕೆಟ್ಟಿರಬಾರದಲ್ಲ ಎಂದು ಚಿಕ್ಕಮ್ಮ ಅಡುಗೆ ಗೇಮು ಹಾಕಿ ನೋಡಿದಳು. ಅಲ್ಲಿ ಬಾಣಸಿಗ ತಲೆಯ ಮೇಲೆ ಹೊತ್ತು ತಂದು ಕೆಳಗೆ ಇಳಿಸಬೇಕಾದ ಕೇಕು ಅವನ ತಲೆಯ ಮೇಲೇ ಉಳಿದುಬಿಟ್ಟಿತು. ಅವನು ಕೇಕಿಗಾಗಿ ಅಡುಗೆಮನೆಯೆಲ್ಲ ಹುಡುಕಾಡಿದ. ಗುಂಡು ಮತ್ತೆ ಮೇಜಿನ ಕೆಳಗೆ ಸೇರಿಕೊಂಡ. ಈ ಸಲ ಪಕ್ಕದಲ್ಲಿ ಲಾಯರ್ ಕೂಡ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ಯಾವಾಗ ಖಾಲಿ ಎಂದರೆ ನೆಲ, ಯಾವಾಗ ಖಾಲಿ ಎಂದರೆ ಹಳೆಯ ಜಾಗ ಎಂದು ಬಿಡಿಸಿ ಬರೆಯಲು ಚಿಕ್ಕಮ್ಮನಿಗೆ ಇನ್ನಷ್ಟು ಹೊತ್ತು ಹಿಡಿಯಿತು.

ಕೊನೆಗೆ ಚೂಟಿ ಗೇಮ್ ಶುರು ಮಾಡಿದಳು. ನೀರಾನೆ ಇಳಿಯಿತು, ಅಜ್ಜಿಗೆ ಪಾರ್ಸೆಲ್ ಕೊಟ್ಟಿತು, ಸೈಕಲ್ ಹತ್ತಿತು, ತುಳಿದುಕೊಂಡು ಹೊರಟಿತು. ಅಷ್ಟೇ.

ಇಷ್ಟೇನಾ ಎಂದು ಗುಂಡು ಬೇಜಾರು ಮಾಡಿಕೊಂಡು ಎದ್ದು ಹೋದ.

ಲಾಯರ್ ನನಗೆ ಕೊಡು ಎಂದು ಕೀಬೋರ್ಡ್ ಎಳೆದುಕೊಂಡಳು. ಮೊದಲ ಬೀದಿಯ ಪಾರ್ಸೆಲ್ ಹಂಚಿದಳು. ಎರಡನೆಯ ಬೀದಿಗೆ ನುಗ್ಗಿದಳು. ಒಂದು ನಾಯಿ ಅಟ್ಟಿಸಿಕೊಂಡು ಬಂದಾಗ ತಾನೂ ಕುರ್ಚಿಯಲ್ಲಿ ಎಡಕ್ಕೆ ಬಲಕ್ಕೆ ವಾಲುತ್ತ, ತುಳಿ, ತುಳಿ ಎಂದು ನೀರಾನೆಗೆ ಹೇಳತೊಡಗಿದಳು. ನೀರಾನೆ ಇಳಿಯುತ್ತಿತ್ತು, ಹತ್ತುತ್ತಿತ್ತು. ಅವಳು ಅದನ್ನು ಗಮನಿಸಲೇ ಇಲ್ಲ.

ಚೂಟಿ ಕಾದಳು. ಈಗ ಒಪ್ಪಿಕೊಳ್ಳುತ್ತಾಳೆ, ಈಗ ಒಪ್ಪಿಕೊಳ್ಳುತ್ತಾಳೆ ಎಂದು ಅವಳ ಮುಖವನ್ನೇ ನೋಡಿದಳು. ಲಾಯರ್‌ಗೆ ಪಂದ್ಯವೂ ನೆನಪಿರಲಿಲ್ಲ, ಲಿನಕ್ಸೂ ನೆನಪಿರಲಿಲ್ಲ. ನೋಡಿದ್ಯಾ, ಓಡ್ತಿದೆ ಎಂದು ಹೇಳಲು ಚೂಟಿ ಬಾಯಿ ತೆರೆದಳು.

ಆಗ ಅವಳ ಕಣ್ಣು ಚಿಕ್ಕಮ್ಮನ ಮೇಲೆ ಬಿತ್ತು. ಗೋಡೆಗೆ ಒರಗಿ ನಿಂತಿದ್ದ ಚಿಕ್ಕಮ್ಮ ಪರದೆಯನ್ನು ನೋಡುತ್ತಿರಲಿಲ್ಲ. ಎಲ್ಲವನ್ನೂ ಮರೆತು ಆಡುತ್ತಿದ್ದ ಲಾಯರ್‌ನ ಮುಖ ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು.

ಚೂಟಿ ಬಾಯಿ ಮುಚ್ಚಿಕೊಂಡಳು. ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಸೇತುವೆ ಹತ್ರ ನಿಧಾನಕ್ಕೆ ಹೋಗು," ಅಂದಳು. "ಅಲ್ಲಿ ಒಂದು ಬಾತುಕೋಳಿ ಪಾರ್ಸೆಲ್ ಕದಿಯುತ್ತೆ."