ಸಾಲ್ಟರ್ಸ್ ಫೆನ್‌ನ ನಾಲ್ಕು ಹನ್ನೆರಡರ ಗಾಡಿ

"ಆ ಗಂಟೆ ಹೊಡ್ಕೊಂಡ್ರೆ ಹೊಡ್ಕೊಳ್ಳಲಿ. ನೀನು ಮಾತ್ರ ಉತ್ತರ ಕೊಡ್ಬೇಡ," ಎಂದ ವಿಲ್ಫ್ ಡಾಬ್ಸ್.

ಬೆರಿಲ್ ಗಾಸ್ಲಿಂಗ್ ನಕ್ಕಳು. ಫೆಬ್ರವರಿಯಲ್ಲಿ ಗಂಡನನ್ನು ಮಣ್ಣು ಮಾಡಿದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅದೂ ತುಟಿಯ ಮಟ್ಟಿಗೆ.

"ವಿಲ್ಫ್, ಮೂವತ್ತೊಂದು ವರ್ಷ ನಿಜವಾದ ಸಿಗ್ನಲ್ ಕ್ಯಾಬಿನ್ನಲ್ಲಿ ಕೂತವಳು ನಾನು. ಗಂಟೆ ಹೊಡೆಯೋದು ತಂತಿ. ಹೊಡೆಸೋದು ಆ ಕಡೆ ಕ್ಯಾಬಿನ್ನಲ್ಲಿರೋ ಮನುಷ್ಯನ ಬೆರಳು. ದೆವ್ವಕ್ಕೆಲ್ಲಿಂದ ಬರ್ಬೇಕು ಬೆರಳು?"

"ಆ ಕಡೆ ಮನುಷ್ಯನೇ ಇಲ್ಲ ಹುಡುಗಿ. ಅದನ್ನೇ ತಾನೆ ನಾನು ಬಡ್ಕೊಳ್ತಿರೋದು."

ಎಂಬತ್ತೆರಡರ ವಿಲ್ಫ್‌ಗೆ ಅರವತ್ತೊಂದರ ಬೆರಿಲ್ ಇನ್ನೂ ಹುಡುಗಿಯೇ. ಅವನು ಮಂಡಿ ಹಿಡಿದುಕೊಂಡು ಬಗ್ಗಿ, ಮೇಜಿನಡಿ ಟಾರ್ಚ್ ಬಿಟ್ಟು ತೋರಿಸಿದ. 'ಕೋಲ್ಡ್ ಡ್ರೋವ್' ಎಂದು ಹೆಸರು ಬರೆದ ಪಕ್ಕದ ಕ್ಯಾಬಿನ್ನಿನಿಂದ ಬಂದ ತಂತಿ ನಡುವೆ ಕತ್ತರಿಸಿಹೋಗಿತ್ತು. ಎರಡು ತುದಿಗಳ ನಡುವೆ ಒಂದು ಗೇಣು ಬರಿಯ ಗಾಳಿ. ಆ ಕ್ಯಾಬಿನ್ನಿನ ಕುರ್ಚಿಯ ಮೇಲೆ ದೂಳು ಕೂತು ಎಷ್ಟು ಕಾಲವಾಗಿತ್ತೋ.

ಪುಟ್ಟ ಮಾದರಿ ರೈಲು ಓಡಿಸುವ ಈ ಕ್ಲಬ್ಬಿನವರದು ಮೆಥಡಿಸ್ಟರು ಬಿಟ್ಟುಹೋದ ಪ್ರಾರ್ಥನಾ ಹಜಾರ. ಒಳಗೆ ಇಲಿ, ಅಂಟು, ಒದ್ದೆ ಉಣ್ಣೆ ಕೋಟುಗಳ ವಾಸನೆ. ನಡುವೆ ಸೊಂಟದೆತ್ತರದ ಮೂವತ್ತಡಿ ಮೇಜಿನ ಮೇಲೆ ಸಾಲ್ಟರ್ಸ್ ಫೆನ್ ಸ್ಟೇಷನ್ನು, 1938ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹೇಗಿತ್ತೋ ಹಾಗೆ. ನೀರಿನ ತೊಟ್ಟಿ, ಕಲ್ಲಿದ್ದಲಿನ ರಾಶಿ, ಸಿಗ್ನಲ್ ಕೈಮರಗಳು, ಹಾಲಿನ ಕ್ಯಾನುಗಳು. ಹೆಬ್ಬೆರಳಿನ ಉಗುರಿಗಿಂತ ತುಸು ಎತ್ತರದ ಜನ. ಈ ಕ್ಲಬ್ಬಿನಲ್ಲಿ ಯಾರಾದರೂ ತೀರಿಹೋದರೆ ಅವರದೊಂದು ಬೊಂಬೆ ಮಾಡಿ ಪ್ಲಾಟ್‌ಫಾರಮ್ಮಿನ ಮೇಲೆ ನಿಲ್ಲಿಸುವುದು ರೂಢಿ. ಬೆರಿಲ್‌ಳ ಗಂಡ ರೆಜ್ ಕೂಡ ಎರಡನೆಯ ಪ್ಲಾಟ್‌ಫಾರಮ್ಮಿನಲ್ಲಿ, ಕಂಕುಳಲ್ಲಿ ಫ್ಲಾಸ್ಕ್ ಸಿಕ್ಕಿಸಿಕೊಂಡು ನಿಂತಿದ್ದ. ಬೊಕ್ಕ ತಲೆಯನ್ನು ಸಹ ಬಿಡದೆ ಬಣ್ಣ ಬಳಿದಿದ್ದರು.

ಅವಳು ಅವನನ್ನು ನೋಡಿದಳು. ಏನೂ ಆಗಲಿಲ್ಲ.

ಅದೇ ಅವಳ ಕಷ್ಟ. ರೆಜ್‌ನ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗಲೂ ಏನೂ ಆಗಿರಲಿಲ್ಲ. ಹೊತ್ತವರ ಬೂಟುಗಳನ್ನು ನೋಡುತ್ತ ನಿಂತಿದ್ದಳು, ಒಬ್ಬನ ಲೇಸು ಬಿಚ್ಚಿತ್ತು, ಎಡವುತ್ತಾನೇನೋ ಎಂದುಕೊಂಡಿದ್ದಳು. ಅಷ್ಟೇ. ಎಂಟು ತಿಂಗಳಾದರೂ ಒಂದು ಹನಿ ಕಣ್ಣೀರಿಲ್ಲ. ಈಗ ಲಿಂಕನ್ನಿನಲ್ಲಿ ಮಗಳು ಪಿಪ್ಪಾಗೆ ದಿನ ತುಂಬಿತ್ತು, ಇನ್ನೆರಡು ವಾರ. ಮೊಮ್ಮಗುವನ್ನು ಕೈಗೆ ಕೊಟ್ಟಾಗಲೂ ಹೀಗೇ ಆಗಿಬಿಟ್ಟರೆ? ಅದನ್ನೂ ಒಂದು ಗಂಟಿನ ಹಾಗೆ ಹಿಡಿದುಕೊಂಡು, ಯಾರದೋ ಬೂಟು ನೋಡುತ್ತ ನಿಂತುಬಿಟ್ಟರೆ? ಅವಳಿಗೆ ಉಳಿದಿದ್ದ ಭಯ ಅದೊಂದೇ. ರೆಜ್‌ನ ಇಂಜಿನ್ನುಗಳನ್ನು ಕ್ಲಬ್ಬಿಗೆ ಕೊಟ್ಟು ಹೋಗಲು ಬಂದವಳು, ವಿಲ್ಫ್ ಕೇಳಿದ್ದೇ ತಡ, ಗುರುವಾರಗಳಂದು ಸಿಗ್ನಲ್ ನೋಡಿಕೊಳ್ಳಲು ಒಪ್ಪಿದ್ದಳು. ಕೈಗೆ ಗೊತ್ತಿದ್ದ ಕೆಲಸ ಮಾಡಿದರೆ ಮನಸ್ಸು ಎಚ್ಚರವಾದೀತೇನೋ ಎಂಬ ಆಸೆ.

"ಅವಳನ್ನು ನೋಡು," ಎಂದ ವಿಲ್ಫ್.

ಒಂದನೆಯ ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಹಸಿರು ಕೋಟಿನ ಹೆಂಗಸೊಬ್ಬಳು ಸೂಟ್‌ಕೇಸ್ ಹಿಡಿದು ನಿಂತಿದ್ದಳು. ಉಳಿದವರ ತಲೆಗೆಲ್ಲ ಬಣ್ಣದ ಕೂದಲು. ಅವಳದು ನಿಜವಾದ ಕೂದಲು.

"ಡಾರ್ಕಸ್ ಅಂತ. ಈ ಸ್ಟೇಷನ್ ಮಾಡಿದ ಈನಕ್ ಥರ್ಕಲ್‌ನ ಹೆಂಡ್ತಿ. ಮೂವತ್ತೆಂಟರ ಆ ಮಧ್ಯಾಹ್ನ ನಾಲ್ಕು ಹನ್ನೆರಡರ ಗಾಡಿ ಹತ್ತಿ ಇನ್ನೊಬ್ಬನ ಜೊತೆ ಹೋದವಳು ತಿರುಗಿ ಬರ್ಲಿಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಇವನು ಇದನ್ನ ಕಟ್ಟಿದ. ಇಲ್ಲಿ ಅವಳು ಗಾಡಿ ಹತ್ತೋ ಹಾಗೇ ಇಲ್ಲ." ವಿಲ್ಫ್ ದನಿ ತಗ್ಗಿಸಿದ. "ಪ್ಲಾಟ್‌ಫಾರಮ್ ಅಡಿ ಸೀಸೆ ಇದೆ. ಅವಳ ಬಾಚಣಿಗೆ ಕೂದ್ಲು, ಉಗುರು, ಬಗ್ಗಿಸಿದ ಗುಂಡುಪಿನ್ನು. ನಮ್ಮಜ್ಜಿಯಂದಿರು ಮಾಟ ತಟ್ಟದೇ ಇರ್ಲಿ ಅಂತ ಒಲೆಯಡಿ ಹೂಳ್ತಿದ್ರಲ್ಲ, ಅದೇ ಸೀಸೆ. ಇವನು ಅದನ್ನ ತಿರುಗುಮುರುಗು ಮಾಡಿದ. ಅಲ್ಲಿ ಲೀಡ್ಸ್‌ನಲ್ಲಿ ಅವಳಿಗೆ ಮೊದಲು ಪಾದ ಹೋಯ್ತಂತೆ, ಆಮೇಲೆ ಕೈ, ಆಮೇಲೆ ಪೂರ್ತಿ. ಸೂಜಿ ಚುಚ್ಚಿದ್ರೂ ಗೊತ್ತಾಗ್ತಿರ್ಲಿಲ್ಲ. ಹತ್ತೊಂಬತ್ತು ವರ್ಷ ಕುರ್ಚೀಲಿ ಕೂತೇ ಇದ್ದು ಸತ್ಲು."

"ಅದಕ್ಕೆ ವೈದ್ಯರು ಬೇರೆ ಹೆಸರು ಇಟ್ಟಿರ್ತಾರೆ ಬಿಡಿ. ಅಷ್ಟು ಭಯ ಇದ್ರೆ ಸೀಸೆ ಕಿತ್ತು ಬಿಸಾಕಬಾರದಾ?"

"ನಮ್ಮ ಕ್ಲಬ್ಬಿನ ಆರ್ಥರ್ ಕಿತ್ತ. ಅವತ್ತಿಂದ ಸಾಯೋವರೆಗೂ ಅವನ ಅಂಗಿ ಗುಂಡಿ ಅವನ ಹೆಂಡ್ತೀನೇ ಹಾಕ್ಬೇಕಾಯ್ತು. ವಾಪಸ್ ಅಲ್ಲೇ ಇಟ್ವಿ."

"ಹಾಗಾದ್ರೆ ಬಾಗ್ಲು ಹಾಕ್ಕೊಂಡು ಮನೆಗೆ ಹೋಗಿ."

"ಇಷ್ಟು ಚೆಂದದ ಸ್ಟೇಷನ್ ಬಿಟ್ಟಾ?" ಎಂದ ವಿಲ್ಫ್, ನಿಜಕ್ಕೂ ಗಾಬರಿಯಾಗಿ. "ಬರೋ ಗಾಡಿ ಅವಳನ್ನ ಕರ್ಕೊಂಡು ಹೋಗೋಕೆ ಕಾಯ್ತಿದೆ ಹುಡುಗಿ. ಯಾರಾದ್ರೂ ಒಪ್ಪಿದ್ರೆ ಅವಳು ಹೊರಟ್ಲು. ಆ ಜಾಗಾನ ಸೀಸೆ ಖಾಲಿ ಬಿಡಲ್ಲ."

ಬೆರಿಲ್ ನಂಬದೆ ತಲೆಯಾಡಿಸಿದಳು. ತನ್ನ ಕ್ಯಾಬಿನ್ನಿನ ಕುರ್ಚಿ ಎಳೆದುಕೊಂಡು ಕೂತಳು.

ಕ್ಯಾಬಿನ್ನುಗಳ ನಿಯಮ ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಪಕ್ಕದ ಕ್ಯಾಬಿನ್ನಿನವರು ಮೊದಲು ಗಂಟೆಯನ್ನು ಒಂದು ಸಲ ಹೊಡೆದು ಗಮನ ಸೆಳೆಯುತ್ತಾರೆ. ಇವರೂ ಗುಂಡಿ ಒತ್ತಿ ಒಂದು ಹೊಡೆಯಬೇಕು. ಅವರು ಮೂರು ಹೊಡೆದು, ತಡೆದು, ಮತ್ತೊಂದು ಹೊಡೆದರೆ 'ಪ್ರಯಾಣಿಕರ ಗಾಡಿ ಕಳಿಸಲೇ?' ಎಂದರ್ಥ. ಒಪ್ಪಿಗೆಯಿದ್ದರೆ ಅದನ್ನೇ ತಿರುಗಿ ಹೊಡೆಯಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು, ಗಾಡಿ ಅಲ್ಲೇ ನಿಲ್ಲುತ್ತದೆ. ಒಪ್ಪಿದ ಮೇಲೆ ಮಾತು ಮಾತೇ.

ಮಧ್ಯಾಹ್ನವೆಲ್ಲ ಗಾಡಿಗಳು ಚೆನ್ನಾಗಿ ಓಡಿದವು. ಸ್ಟೇಷನ್ನಿನ ಗಡಿಯಾರ ನಾಲ್ಕು ಗಂಟೆ ಐದು ನಿಮಿಷ ತೋರಿಸುತ್ತಿದ್ದಂತೆ ಟ್ರೆವರ್ ಎಂಬ ದಡಿಯ ಚಪ್ಪಾಳೆ ತಟ್ಟಿದ. "ಟೀ ರೆಡಿ! ನಮ್ಮನೆಯವಳು ಡೋರೀನ್ ನಿಂಬೆ ಕೇಕ್ ಮಾಡಿ ಕಳಿಸಿದ್ದಾಳೆ. ಲೇಟಾದೋರಿಗೆ ತಟ್ಟೆ ನೆಕ್ಕೋ ಭಾಗ್ಯ!" ಒಂಬತ್ತು ಜನ ಗಂಡಸರು ಎದ್ದು ಅಡಿಗೆ ಕೋಣೆಗೆ ನಡೆದರು. ಓಡಲಿಲ್ಲ, ಆದರೆ ಯಾರೂ ಹಿಂದೆ ತಿರುಗಿ ನೋಡಲೂ ಇಲ್ಲ. ರೆಜ್ ಮನೆಯಲ್ಲಿ ಟೀ ಮುಟ್ಟುತ್ತಿರಲಿಲ್ಲ, ಗುರುವಾರ ಮಾತ್ರ ಮೂರು ಕಪ್ ಕುಡಿದು ಬರುತ್ತಿದ್ದ. ಬೆರಿಲ್‌ಗೆ ಕಾರಣ ಈಗ ಹೊಳೆಯಿತು. ಇಡೀ ಕ್ಲಬ್ಬು ಹೆದರಿಕೆಗೆ ಟೀ ಎಂದು ಹೆಸರಿಟ್ಟುಕೊಂಡಿತ್ತು.

"ಬಾ," ಎಂದ ವಿಲ್ಫ್ ಬಾಗಿಲಲ್ಲಿ ನಿಂತು.

"ನನಗೆ ರುಚಿಯೇ ತಿಳಿಯಲ್ಲ ವಿಲ್ಫ್. ನನ್ನ ಪಾಲಿನ ಕೇಕ್ ಟ್ರೆವರ್‌ಗೆ ಕೊಡಿ."

ಬಾಗಿಲು ಮುಚ್ಚಿತು. ಅಕ್ಟೋಬರಿನ ಬೆಳಕು ಎತ್ತರದ ಕಿಟಕಿಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಗಡಿಯಾರದ ಮುಳ್ಳು ಟಕ್ಕೆಂದು ಸರಿಯಿತು. ಬೆರಿಲ್ ಕುರ್ಚಿಯಲ್ಲಿ ಕೂತು ಏನನ್ನೂ ಯೋಚಿಸದೆ ಇದ್ದಳು. ಅದು ಅವಳಿಗೆ ಈಗ ಸುಲಭವಾಗಿತ್ತು.

ಟಿಂಗ್.

ಅವಳ ಬೆರಳು ಟಿಂಗ್ ಎಂದು ಉತ್ತರಿಸಿತು.

ಅವಳು ಯೋಚಿಸಿ ಮಾಡಿದ್ದಲ್ಲ. ಮೂವತ್ತೊಂದು ವರ್ಷ, ಮಂಜಿನಲ್ಲಿ, ಜ್ವರದಲ್ಲಿ, ಹೊಟ್ಟೆಯಲ್ಲಿ ಪಿಪ್ಪಾ ಇದ್ದಾಗ, ಆ ಸದ್ದು ಕೇಳಿದಾಗಲೆಲ್ಲ ಬೆರಳು ಮಾಡಿದ್ದನ್ನೇ ಈಗಲೂ ಮಾಡಿತ್ತು. ತಂತಿಯಲ್ಲೆಲ್ಲೋ ಕರೆಂಟು ಹಾರಿರಬೇಕು ಎಂದುಕೊಂಡಳು. ಆಗ ಗಂಟೆ ಮೂರು ಹೊಡೆಯಿತು. ತಡೆಯಿತು. ಒಂದು ಹೊಡೆಯಿತು. ಅಚ್ಚುಕಟ್ಟಾದ, ಹಳೇ ಕಾಲದ ಕೈ. ಅವಸರವಿಲ್ಲ. 'ಬೇಡ' ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಬೆರಳು ಮೂರು ಹೊಡೆದು, ತಡೆದು, ಮತ್ತೊಂದನ್ನೂ ಹೊಡೆದುಬಿಟ್ಟಿತ್ತು.

ಹಜಾರ ನಿಶ್ಶಬ್ದವಾಯಿತು. ಅಡಿಗೆ ಕೋಣೆಯ ಮಾತು, ಕಪ್ಪುಗಳ ಸದ್ದು ಯಾವುದೂ ಕೇಳಲಿಲ್ಲ.

ಮೊದಲು ವಾಸನೆ ಬಂತು. ಕಲ್ಲಿದ್ದಲ ಹೊಗೆ, ಕಾದ ಎಣ್ಣೆ, ಒದ್ದೆ ಕಬ್ಬಿಣ. ಈ ಹಜಾರದಲ್ಲಿ ಎಲ್ಲವೂ ಕರೆಂಟಿನ ಗಾಡಿ, ಕಲ್ಲಿದ್ದಲು ಉರಿಸುವವರು ಯಾರೂ ಇರಲಿಲ್ಲ. ಕಿಟಕಿಗಳು ಕಪ್ಪಾದವು. ಗಂಟೆ ಎರಡು ಸಲ ಹೊಡೆಯಿತು. ಗಾಡಿ ಹೊರಟಿದೆ ಎಂದರ್ಥ. ಅವಳು ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಬೆರಳು ಗಂಟೆಯ ಗುಂಡಿಯ ಮೇಲೇ ಇತ್ತು. ಗುಂಡಿಯ ತಣ್ಣಗಿನ ಹಿತ್ತಾಳೆ ಅವಳಿಗೆ ತಿಳಿಯುತ್ತಿರಲಿಲ್ಲ.

ಸೇತುವೆಯಡಿ ಎರಡು ದೀಪ ಕಂಡವು. ಹಳಿ ನಡುಗಿತು. ಅಂಗೈಯಗಲದ ಕಪ್ಪು ಇಂಜಿನ್ನು ಹಬೆ ಉಗುಳುತ್ತ ಬಂತು. ಅದನ್ನು ಯಾರೂ ಹಳಿಯ ಮೇಲೆ ಇಟ್ಟಿರಲಿಲ್ಲ. ಬ್ರೇಕು ಕಿರುಗುಟ್ಟಿತು. ಗಾಡಿ ನಿಂತಿತು. ಪುಟ್ಟದೊಂದು ಬಾಗಿಲು ತೆರೆದ ಸದ್ದು. ಪುಟ್ಟದೊಂದು ಬಾಗಿಲು ಹಾಕಿದ ಸದ್ದು. ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಹಸಿರು ಕೋಟು ಇಲ್ಲ. ಅವಳ ಪಾದ ನೆಟ್ಟಿದ್ದ ಎರಡು ಸೂಜಿತೂತು ಮಾತ್ರ.

ಬೆರಿಲ್‌ಳ ಅಂಗಾಲಿಗೆ ಏನೋ ಚುಚ್ಚಿತು. ಎರಡೂ ಪಾದಕ್ಕೆ. ಉದ್ದಕ್ಕೆ ಒಳಗಿಳಿಯಿತು. ನೋವಾಗಬೇಕಿತ್ತು. ಆಗಲಿಲ್ಲ. ಪಾದ ಹೋಯಿತು. ಹಿಮ್ಮಡಿ ಹೋಯಿತು. ಕೈ ಮಣಿಕಟ್ಟಿನವರೆಗೆ ಹೋಯಿತು. ಏಳಲು ನೋಡಿದಳು. ಕಾಲು ನೆಲಕ್ಕೆ ಅಂಟಿತ್ತು. ಕೂಗಲು ನೋಡಿದಳು. ದನಿ ಇರಲಿಲ್ಲ. ಗಾರ್ಡ್ ಸೀಟಿ ಊದಿದ. ಗಾಡಿ ಜಗ್ಗಿತು. ಅದು ಹೊರಟುಹೋದರೆ ಮುಗಿಯಿತು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವಳಿಗೆ ಜೀವಭಯವಾಯಿತು. ಪಿಪ್ಪಾ, ಎಂದುಕೊಂಡಳು. ಮಗು. ಕೈ ಕೇಳಲಿಲ್ಲ. ಮೊಣಕೈ ಇನ್ನೂ ಅವಳದಾಗಿತ್ತು. ಮೈಯನ್ನೆಲ್ಲ ಬಗ್ಗಿಸಿ ಮೊಣಕೈಯಿಂದ ಗುಂಡಿಯನ್ನು ಗುದ್ದಿದಳು. ಒಂದು. ಎರಡು. ಮೂರು. ನಾಲ್ಕು. ಐದು. ಆರು. ಅಪಾಯ, ಎಲ್ಲವನ್ನೂ ನಿಲ್ಲಿಸು. ಸಿಗ್ನಲ್‌ನವರ ಕೊನೆಯ ಮಾತು ಅದು. ಅದನ್ನು ಮೀರಿ ಯಾವ ಗಾಡಿಯೂ ಹೋಗುವಂತಿಲ್ಲ.

ಗಾಡಿ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತಿತು. ಹಜಾರದ ದೀಪಗಳು ಹತ್ತಿಕೊಂಡವು.

ವಿಲ್ಫ್ ಓಡಿ ಬಂದ. ಅವಳ ಕಂಕುಳಿಗೆ ಕೈಹಾಕಿ ಎಳೆದ, ಟ್ರೆವರ್ ಕಾಲು ಹಿಡಿದ. ಇಬ್ಬರೂ ಸೇರಿ ಅವಳನ್ನು ನೆಲದ ಮೇಲೆ ಮಲಗಿಸಿದರು. ಟ್ರೆವರ್‌ನ ಬಾಯಲ್ಲಿ ಇನ್ನೂ ಕೇಕಿತ್ತು, ನುಂಗುವುದನ್ನೇ ಮರೆತಿದ್ದ. ಹಳಿಯ ಮೇಲೆ ಗಾಡಿ ಕಾಣಲಿಲ್ಲ. ಹಸಿರು ಕೋಟಿನವಳೂ ಇರಲಿಲ್ಲ. ಅವಳಿದ್ದ ಕಡೆ ಬೇರೊಂದು ಬೊಂಬೆ, ಬಣ್ಣ ಬಳಿಯದ ಬೂದು ಲೋಹದ್ದು. ಪಾದಗಳಿಗೆ ಮಾತ್ರ ಕಂದು ಶೂ ಬಳಿದಿತ್ತು, ಬೆರಿಲ್ ಹಾಕಿದ್ದಂಥದ್ದೇ. ಕೈಗಳಿಗೆ ಮಣಿಕಟ್ಟಿನವರೆಗೆ ಮೈಬಣ್ಣ. ಮುಖ ಇನ್ನೂ ಬರಿದಾಗಿತ್ತು.

"ಉತ್ತರ ಕೊಟ್ಯಾ?" ಎಂದ ವಿಲ್ಫ್.

"ನಾನಲ್ಲ. ಬೆರಳು."

ವಿಲ್ಫ್ ಅವಳನ್ನು ಬೈಯಲಿಲ್ಲ. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಉಜ್ಜಿದ, ಉಜ್ಜುತ್ತಲೇ ಇದ್ದ. "ನಿಲ್ಲಿಸಿದ್ದೀಯ, ಕಳಿಸಿಲ್ಲ. ಅಷ್ಟಕ್ಕೇ ಉಳ್ಕೊಂಡೆ," ಎಂದ. ಆಮೇಲೆ, ಯಾರಿಗೂ ಕೇಳಿಸದ ಹಾಗೆ, "ನಿಂತ ಗಾಡಿ ಎಂದಾದ್ರೂ ಹೊರಡಲೇಬೇಕಲ್ಲ," ಎಂದ.

ಆಸ್ಪತ್ರೆಯವರು ಸೂಜಿ ಚುಚ್ಚಿ ನೋಡಿ, ನರದ ತೊಂದರೆ ಎಂದು ಬರೆದುಕೊಂಡರು. ಬೆರಿಲ್ ಕಾಲು ಎಲ್ಲಿಡುತ್ತಿದ್ದೇನೆಂದು ನೋಡಿಕೊಂಡು ನಡೆಯುವುದನ್ನು ಕಲಿತಳು. ಕೆಟಲ್ ಹಿಡಿದಿದ್ದೇನೆಯೇ ಎಂದು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳುವುದನ್ನೂ ಕಲಿತಳು. ಒಮ್ಮೆ ಬೆರಳು ಸುಟ್ಟದ್ದು ವಾಸನೆಯಿಂದ ಗೊತ್ತಾಯಿತು.

ನವೆಂಬರಿನ ಆರಂಭದಲ್ಲಿ ಪಿಪ್ಪಾಗೆ ಗಂಡು ಮಗುವಾಯಿತು. ಲಿಂಕನ್ನಿನ ಆ ಮನೆಯಲ್ಲಿ ಸೋಫಾದ ಮೇಲೆ ದಿಂಬಿಟ್ಟು ಪಿಪ್ಪಾ ತಾಯಿಯ ತೋಳಿನಲ್ಲಿ ಮಗುವನ್ನು ಮಲಗಿಸಿದಳು. "ಹಿಡ್ಕೊ ಅಮ್ಮ, ಬೀಳಲ್ಲ. ನಾನೂ ಇದ್ದೀನಿ. ನೋಡು, ಅಪ್ಪನ ಥರಾನೇ ಬೊಕ್ಕತಲೆ."

ಬೆರಿಲ್ ನೋಡಿದಳು. ಬೊಕ್ಕತಲೆ, ಮುದುಕನಂಥ ಸಿಡುಕು ಹುಬ್ಬು. ಎದೆಯೊಳಗೆ ಎಲ್ಲೋ ಏನೋ ಬಿರಿಯಿತು. ಒಂಬತ್ತು ತಿಂಗಳಿಂದ ಬಾರದ ಅಳು ಒಮ್ಮೆಲೇ ನುಗ್ಗಿ ಬಂತು. ರೆಜ್‌ಗಾಗಿ ಅತ್ತಳು, ಮಗುವಿಗಾಗಿ ಅತ್ತಳು. ಕೆನ್ನೆಯ ಮೇಲೆ ಕಣ್ಣೀರು ಬಿಸಿಯಾಗಿತ್ತು, ಅದು ಅವಳಿಗೆ ತಿಳಿಯುತ್ತಿತ್ತು. ಇಷ್ಟು ಪ್ರೀತಿ ತನ್ನೊಳಗೆ ಇತ್ತೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ನಿನ್ನ ಬೆರಳು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದಾನೆ!" ಎಂದಳು ಪಿಪ್ಪಾ.

ನೋಡಿದ ಮೇಲೆ ಅವಳಿಗೆ ಗೊತ್ತಾಯಿತು. ಮಗುವಿನ ಮುಷ್ಟಿ ಅವಳ ಎಡಗೈ ಬೆರಳನ್ನು ಸುತ್ತಿಕೊಂಡಿತ್ತು. ಬಿಸಿಯಿಲ್ಲ, ಭಾರವಿಲ್ಲ. ಇರಲಿ, ಕಣ್ಣಿಗಾದರೂ ಕಾಣುತ್ತಿದೆಯಲ್ಲ ಎಂದುಕೊಂಡಳು.

"ಅದೇನಮ್ಮ ಹಾಗೆ ತಟ್ತಿದ್ದೀಯ? ಮಲಗಿಸೋ ತಟ್ಟಾ ಅದು?"

ಬೆರಿಲ್ ಬಲಗೈಯತ್ತ ನೋಡಿದಳು. ಅದು ಮಗುವಿನ ಬೆನ್ನಿನ ಮೇಲಿತ್ತು. ತೋರುಬೆರಳು ತನ್ನಷ್ಟಕ್ಕೆ ಏಳುತ್ತ ಬೀಳುತ್ತ ಇತ್ತು. ಅಚ್ಚುಕಟ್ಟಾಗಿ, ಅವಸರವಿಲ್ಲದೆ. ಮೂರು ಸಲ. ತಡೆದು, ಒಂದು ಸಲ. ಗಾಡಿಗೆ ಒಪ್ಪಿಗೆ.

ಅವಳಿಗೆ ಯಾವ ಗಂಟೆಯೂ ಕೇಳಿಸಿರಲಿಲ್ಲ.

"ಎತ್ಕೊ ಅವನನ್ನ," ಎಂದಳು ಬೆರಿಲ್. "ಪಿಪ್ಪಾ, ಎತ್ಕೊ. ಬೇಗ. ಇನ್ಮೇಲೆ ಯಾವತ್ತೂ ನನ್ನ ಕೈಗೆ ಕೊಡ್ಬೇಡ."